ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

ಹದಿಮೂರು ಹದಿನಾಲ್ಕರ ಹರೆಯಕ್ಕೆ ಕಾಲಿಡುವ ಮಕ್ಕಳಲ್ಲಿ ನ್ಯಾಯ ಅನ್ಯಾಯಗಳ ಅರಿವು ಬಹು ತೀಕ್ಷ್ಣವಾಗಿರುತ್ತದೆ. ಅಣ್ಣನಿಗೆ ಹೊಸ ಸೈಕಲ್ಲು ಬಂದು ತನಗೆ ಬಾರದಿದ್ದರೆ ಅದು ಅನ್ಯಾಯ. ಯಾರೋ ಒಬ್ಬನು ಗದ್ದಲ ಮಾಡಿದ್ದಕ್ಕೆ ಗುರುಗಳು ಇಡೀ ತರಗತಿಯನ್ನು ನಿಲ್ಲಿಸಿದರೆ ಅದೂ ಅನ್ಯಾಯ. ದಿನಕ್ಕೆ ಹತ್ತು ಬಾರಿ ಈ ಮಾತನ್ನು ಅವರ ಬಾಯಿಂದ ಕೇಳುತ್ತೇವೆ. ಇದನ್ನು ಹಟವೆಂದು ತಳ್ಳಿಹಾಕಬಾರದು. ಧರ್ಮಬುದ್ಧಿಯ ಮೊದಲ ಮೊಳಕೆ ಇದೇ. ಆದರೆ ಒಂದು ವಿಚಿತ್ರವನ್ನು ಗಮನಿಸಬೇಕು. ತನಗಾದ ಎಳ್ಳಷ್ಟು ಅನ್ಯಾಯವನ್ನೂ ಸಹಿಸದ ಅದೇ ಮಗು, ಟಿ.ವಿ.ಯಲ್ಲಿ ಯಾರನ್ನೋ ಪೊಲೀಸರು ಕರೆದೊಯ್ಯುವ ದೃಶ್ಯವನ್ನು ಕಂಡೊಡನೆ, "ಇಂಥವರನ್ನು ಅಲ್ಲಿಯೇ ನೇಣಿಗೆ ಹಾಕಬೇಕು" ಎಂದುಬಿಡುತ್ತದೆ. ಆ ವ್ಯಕ್ತಿ ಯಾರು, ಅವನ ಮೇಲಿರುವುದು ಆರೋಪವೋ ತೀರ್ಪೋ ಎಂಬುದನ್ನು ವಿಚಾರಿಸುವುದಿಲ್ಲ. ಈ ಮಾತು ಮಗುವಿನ ಸ್ವಂತದ್ದಲ್ಲ, ಪಕ್ಕದಲ್ಲಿ ಕುಳಿತ ಹಿರಿಯರಿಂದ ಕೇಳಿ ಕಲಿತದ್ದು.

ನಿರಪರಾಧಿಗಳಿಗೂ ಒಮ್ಮೊಮ್ಮೆ ಶಿಕ್ಷೆಯಾಗುತ್ತದೆ ಎಂಬ ಸಂಗತಿಯನ್ನು ಬೆಳೆಯುವ ಮಕ್ಕಳಿಗೆ ತಿಳಿಸಬೇಕೆ, ಬೇಡವೆ ಎಂಬ ಜಿಜ್ಞಾಸೆ ಅನೇಕ ತಾಯಿತಂದೆಗಳಲ್ಲಿದೆ. ನ್ಯಾಯಾಲಯವೂ ತಪ್ಪುತ್ತದೆಯೆಂದು ಹೇಳಿದರೆ ಮಕ್ಕಳಲ್ಲಿ ಕಾನೂನಿನ ಗೌರವ ಅಳಿದುಹೋದೀತು, "ಎಲ್ಲವೂ ಮೋಸ" ಎಂಬ ಸಿನಿಕತನ ಬೆಳೆದೀತು ಎಂಬುದು ಅವರ ಅಂಜಿಕೆ. ಈ ಅಂಜಿಕೆಯನ್ನು ನಾವು ಅರಿಯಬಲ್ಲೆವು, ಆದರೆ ಒಪ್ಪಲಾರೆವು. ವೈದ್ಯನೂ ಒಮ್ಮೊಮ್ಮೆ ತಪ್ಪು ರೋಗವನ್ನು ಗುರುತಿಸುತ್ತಾನೆಂದು ತಿಳಿದವರು ವೈದ್ಯವನ್ನೇ ತೊರೆಯುವುದಿಲ್ಲ. ಇನ್ನೊಬ್ಬ ವೈದ್ಯನ ಅಭಿಪ್ರಾಯವನ್ನು ಕೇಳುತ್ತಾರೆ, ಪರೀಕ್ಷೆಗಳನ್ನು ಮಾಡಿಸುತ್ತಾರೆ. ಮೇಲ್ಮನವಿ, ಪುನರ್ವಿಮರ್ಶೆಗಳೆಂಬ ಮೆಟ್ಟಿಲುಗಳನ್ನು ನಮ್ಮ ನ್ಯಾಯವ್ಯವಸ್ಥೆ ಇಟ್ಟುಕೊಂಡಿರುವುದೇ ಮನುಷ್ಯನು ತಪ್ಪುವನೆಂಬ ಅರಿವಿನಿಂದ. ಈ ಅರಿವನ್ನು ಮಕ್ಕಳಿಂದ ಮುಚ್ಚಿಟ್ಟರೆ ನಾವು ಅವರಿಗೆ ಕಲಿಸುವುದು ಗೌರವವಲ್ಲ, ಕುರುಡು ನಂಬಿಕೆ. ಅಂಥ ನಂಬಿಕೆ ಮೊದಲ ಪೆಟ್ಟಿಗೇ ಒಡೆದುಹೋಗುತ್ತದೆ.

ಮೊದಲು ನೆರೆಯ ಮಹಾರಾಷ್ಟ್ರದ ಒಂದು ಪ್ರಕರಣವನ್ನು ನೋಡೋಣ. 2003ರಲ್ಲಿ ಅಲ್ಲಿ ಒಂದು ಕುಟುಂಬದ ಮೇಲೆ ರಾತ್ರಿಯ ಹೊತ್ತು ದರೋಡೆಕೋರರು ಎರಗಿ ಐವರನ್ನು ಕೊಂದರು. ಮಾತಿನಲ್ಲಿ ಹೇಳಲಾಗದ ಕ್ರೌರ್ಯವನ್ನು ಎಸಗಿದರು. ಆರು ಮಂದಿಯ ಬಂಧನವಾಯಿತು. ಅವರು ಅಲೆಮಾರಿ ಸಮುದಾಯಕ್ಕೆ ಸೇರಿದವರು, ಕೂಲಿನಾಲಿ ಮಾಡಿ ಬದುಕುವ ಬಡವರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರು ಮಂದಿಗೂ ಮರಣದಂಡನೆ ವಿಧಿಸಿತು. 2007ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಮೂವರಿಗೆ ಅದನ್ನೇ ಎತ್ತಿಹಿಡಿದು, ಉಳಿದ ಮೂವರಿಗೆ ಜೀವಾವಧಿ ಶಿಕ್ಷೆಗೆ ಇಳಿಸಿತು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯ ಮತ್ತೆ ಆರು ಮಂದಿಗೂ ಮರಣದಂಡನೆಯನ್ನೇ ವಿಧಿಸಿತು. ದೇಶದ ಅತ್ಯುನ್ನತ ನ್ಯಾಯಪೀಠದವರೆಗೆ ಮೂರೂ ಮೆಟ್ಟಿಲುಗಳಲ್ಲಿ ಅವರು ಅಪರಾಧಿಗಳೆಂದೇ ತೀರ್ಮಾನವಾಯಿತು.

ಮುಂದೆ ಪುನರ್ವಿಮರ್ಶೆಯಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯ ಪ್ರಕರಣವನ್ನು ಮತ್ತೆ ತೆರೆಯಿತು. ಬದುಕುಳಿದ ಸಾಕ್ಷಿಯು ಘಟನೆಯ ಬೆನ್ನಿಗೇ ಪೊಲೀಸರು ತೋರಿಸಿದ ಭಾವಚಿತ್ರಗಳ ಪುಸ್ತಕದಲ್ಲಿ ಬೇರೆಯೇ ನಾಲ್ವರನ್ನು ಗುರುತಿಸಿದ್ದ ಸಂಗತಿ ಕಡತದಲ್ಲಿತ್ತು. ಆ ನಾಲ್ವರ ಜಾಡನ್ನು ತನಿಖೆ ಹಿಡಿಯಲೇ ಇಲ್ಲ. 2019ರ ಮಾರ್ಚ್ 5ರಂದು ನ್ಯಾಯಮೂರ್ತಿಗಳಾದ ಎ.ಕೆ. ಸಿಕ್ರಿ, ಎಸ್. ಅಬ್ದುಲ್ ನಜೀರ್ ಮತ್ತು ಎಂ.ಆರ್. ಶಾ ಅವರ ಪೀಠ ಆರು ಮಂದಿಯನ್ನೂ ಖುಲಾಸೆಗೊಳಿಸಿತು. ಪ್ರತಿಯೊಬ್ಬರಿಗೂ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆಜ್ಞಾಪಿಸಿತು. ತನಿಖೆಯಲ್ಲಿ ಲೋಪವೆಸಗಿದ ಅಧಿಕಾರಿಗಳ ಬಗೆಗೂ ಕ್ರಮವನ್ನು ಸೂಚಿಸಿತು. ಅಷ್ಟರಲ್ಲಿ ಹದಿನಾರು ವರ್ಷಗಳು ಕಳೆದಿದ್ದವು. ಆ ಆರು ಮಂದಿಯಲ್ಲೊಬ್ಬನು ಕೃತ್ಯ ನಡೆದ ಕಾಲಕ್ಕೆ ಹದಿನೆಂಟು ತುಂಬದ ಹುಡುಗನಾಗಿದ್ದನೆಂಬುದೂ ನಡುವೆ ಸಿದ್ಧಪಟ್ಟಿತ್ತು. ನಮ್ಮ ಮನೆಯ ಮಕ್ಕಳು ಪಿ.ಯು.ಸಿ. ಓದುವ ವಯಸ್ಸಿನಲ್ಲಿ ಸೆರೆಮನೆ ಸೇರಿ, ಅದರಲ್ಲೂ ಬಹುಕಾಲ ನೇಣಿನ ನೆರಳಿನಲ್ಲಿದ್ದು, ಮೂವತ್ತು ದಾಟಿದ ಮೇಲೆ ಹೊರಬಂದ ಬಾಳು ಅದು.

ಈ ಪ್ರಕರಣವನ್ನು ಮಕ್ಕಳ ಮುಂದಿಟ್ಟರೆ ಅವರು ಮೊದಲು ಕೇಳುವ ಪ್ರಶ್ನೆ, "ಹಾಗಾದರೆ ಸಾಕ್ಷಿ ಸುಳ್ಳು ಹೇಳಿದರೆ?" ಎಂಬುದು. ಇಲ್ಲಿಯೇ ನಾವು ನಿಧಾನಿಸಬೇಕು. ಲೋಕದಲ್ಲಿ ತಪ್ಪು ತೀರ್ಪುಗಳೆಲ್ಲ ಸುಳ್ಳುಗಾರರಿಂದಲೇ ಆಗುವುದಾಗಿದ್ದರೆ ಪರಿಹಾರ ಸುಲಭವಿತ್ತು. ಸತ್ಯವನ್ನೇ ಹೇಳಬೇಕೆಂಬ ಶುದ್ಧ ಮನಸ್ಸಿನವರಿಂದಲೂ ತಪ್ಪಾಗುತ್ತದೆ ಎಂಬುದು ಇದಕ್ಕಿಂತ ಆಳವಾದ ಪಾಠ.

ಅದಕ್ಕೆ ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಒಂದು ಪ್ರಕರಣ ನಿದರ್ಶನ. 1984ರಲ್ಲಿ ಅಲ್ಲಿನ ಕಾಲೇಜು ವಿದ್ಯಾರ್ಥಿನಿಯೊಬ್ಬಳ ಮೇಲೆ ಅತ್ಯಾಚಾರ ನಡೆಯಿತು. ಆ ಧೈರ್ಯವಂತ ಯುವತಿ ಸಂಕಟದ ನಡುವೆಯೂ ದುಷ್ಟನ ಮುಖವನ್ನು ಉದ್ದೇಶಪೂರ್ವಕವಾಗಿ ನೋಡಿ ನೆನಪಿನಲ್ಲಿರಿಸಿಕೊಂಡಳು. ಬದುಕುಳಿದರೆ ಅವನಿಗೆ ಶಿಕ್ಷೆ ಕೊಡಿಸುವೆನೆಂಬ ಸಂಕಲ್ಪ ಅವಳದು. ಪೊಲೀಸರು ತೋರಿಸಿದ ಭಾವಚಿತ್ರಗಳಲ್ಲಿ ರೊನಾಲ್ಡ್ ಕಾಟನ್ ಎಂಬಾತನನ್ನು ಅವಳು ಗುರುತಿಸಿದಳು. ಅನಂತರ ಸಾಲಾಗಿ ನಿಲ್ಲಿಸಿದವರಲ್ಲಿಯೂ ಅವನನ್ನೇ ತೋರಿಸಿದಳು. "ಭಾವಚಿತ್ರದಲ್ಲಿ ತೋರಿಸಿದವನೂ ಇವನೇ" ಎಂಬುದನ್ನು ತಿಳಿದಾಗ ಅವಳ ನಿಶ್ಚಯ ಇಮ್ಮಡಿಯಾಯಿತು. 1985ರಲ್ಲಿ ಕಾಟನ್‌ಗೆ ಶಿಕ್ಷೆಯಾಯಿತು. ನಿಜವಾದ ಅಪರಾಧಿ ಅದೇ ಸೆರೆಮನೆಯಲ್ಲಿ ಬೇರೆ ಅಪರಾಧಕ್ಕಾಗಿ ಇದ್ದನು. ಮರುವಿಚಾರಣೆಯ ವೇಳೆಯಲ್ಲಿ ಅವನನ್ನು ನ್ಯಾಯಾಲಯಕ್ಕೆ ತಂದು ಎದುರಿಗೆ ನಿಲ್ಲಿಸಿದಾಗಲೂ, "ಇವನನ್ನು ನಾನು ಎಂದೂ ಕಂಡಿಲ್ಲ" ಎಂದೇ ಅವಳು ನುಡಿದಳು. ಅವಳು ಸುಳ್ಳಾಡಲಿಲ್ಲ. ಮನಸ್ಸಿನ ಭಿತ್ತಿಯಲ್ಲಿದ್ದ ಮೊದಲಿನ ಮುಖವನ್ನು ಅಳಿಸಿ, ಭಾವಚಿತ್ರದ ಮುಖ ಆ ಸ್ಥಾನದಲ್ಲಿ ಕುಳಿತುಬಿಟ್ಟಿತ್ತು. 1995ರಲ್ಲಿ ಡಿ.ಎನ್.ಎ. ಪರೀಕ್ಷೆಯಿಂದ ಸತ್ಯ ಹೊರಬಿದ್ದು ಕಾಟನ್ ಬಿಡುಗಡೆಯಾದನು. ಅವನು ಕಳೆದುಕೊಂಡದ್ದು ಹತ್ತು ವರ್ಷಕ್ಕೂ ಹೆಚ್ಚು.

ಮುಂದೆ ನಡೆದದ್ದು ಇನ್ನೂ ಸ್ಮರಣೀಯ. ಆ ಮಹಿಳೆ ಕಾಟನ್‌ನನ್ನು ಕಂಡು ಕ್ಷಮೆ ಬೇಡಿದಳು, ಅವನು ಕ್ಷಮಿಸಿದನು. ಇಬ್ಬರೂ ಕೂಡಿ ಊರೂರು ತಿರುಗಿ, ಗುರುತು ಹಿಡಿಯುವ ಪದ್ಧತಿ ಸುಧಾರಿಸಬೇಕೆಂದು ಜನರಿಗೆ ತಿಳಿಹೇಳಿದರು. ಡಿ.ಎನ್.ಎ. ಪರೀಕ್ಷೆಯಿಂದ ಅಮೆರಿಕದಲ್ಲಿ ಬಯಲಾದ ತಪ್ಪು ತೀರ್ಪುಗಳನ್ನು ಪರಿಶೀಲಿಸಿದವರು, ಅವುಗಳಲ್ಲಿ ಬಹುಪಾಲಿಗೆ ಪ್ರತ್ಯಕ್ಷ ಸಾಕ್ಷಿಗಳ ತಪ್ಪು ಗುರುತೇ ಕಾರಣವೆಂದು ಕಂಡುಕೊಂಡಿದ್ದಾರೆ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬ ನಮ್ಮ ಹಿರಿಯರ ಗಾದೆ ವಿಜ್ಞಾನದ ಪ್ರಯೋಗಾಲಯಗಳಿಗಿಂತ ಎಷ್ಟೋ ಮೊದಲೇ ಹುಟ್ಟಿತ್ತು. ಅದನ್ನು ನಾವು ಆಡುತ್ತೇವೆ, ಆಚರಿಸುವುದು ಅಪರೂಪ.

ಮಕ್ಕಳು ಕೇಳುವ ಎರಡನೆಯ ಪ್ರಶ್ನೆ ಮತ್ತೂ ಸಹಜವಾದದ್ದು: "ತಪ್ಪು ಮಾಡದವನು ಮಾಡಿದೆನೆಂದು ಏಕೆ ಒಪ್ಪಿಕೊಳ್ಳುತ್ತಾನೆ?" ಇದಕ್ಕೆ ಉತ್ತರವಾಗಿ ಅವರ ವಯಸ್ಸಿನವರೇ ಆದ ಐವರು ಹುಡುಗರ ವೃತ್ತಾಂತವನ್ನು ಹೇಳಬೇಕು.

1989ರ ಏಪ್ರಿಲ್ 19ರ ರಾತ್ರಿ ನ್ಯೂಯಾರ್ಕ್ ನಗರದ ಸೆಂಟ್ರಲ್ ಪಾರ್ಕ್ ಎಂಬ ಉದ್ಯಾನದಲ್ಲಿ ಓಡುತ್ತಿದ್ದ ಮಹಿಳೆಯೊಬ್ಬಳ ಮೇಲೆ ಭೀಕರ ಹಲ್ಲೆ, ಅತ್ಯಾಚಾರಗಳು ನಡೆದವು. ಆಕೆಗೆ ಪ್ರಜ್ಞೆ ಮರಳಿದರೂ ನಡೆದದ್ದರ ನೆನಪು ಉಳಿಯಲಿಲ್ಲ. ಅಂದು ರಾತ್ರಿ ಉದ್ಯಾನದಲ್ಲಿ ತಿರುಗಾಡುತ್ತಿದ್ದ ಹುಡುಗರ ಗುಂಪಿನಿಂದ ಕೆಲವರನ್ನು ಪೊಲೀಸರು ಹಿಡಿದು ತಂದರು. ಕೊನೆಗೆ ಆರೋಪಕ್ಕೆ ಒಳಗಾದವರು ಆಂಟ್ರನ್ ಮೆಕ್ರೇ, ಕೆವಿನ್ ರಿಚರ್ಡ್‌ಸನ್, ಯೂಸೆಫ್ ಸಲಾಂ, ರೇಮಂಡ್ ಸಂಟಾನಾ, ಕೋರಿ ವೈಸ್ ಎಂಬ ಐವರು. ನಾಲ್ವರಿಗೆ 14, 15 ವರ್ಷ; ಕೋರಿ ವೈಸ್‌ಗೆ 16. ಈ ವೈಸ್‌ನನ್ನು ಹುಡುಕಿ ಪೊಲೀಸರು ಬಂದಿರಲಿಲ್ಲ. ಗೆಳೆಯ ಸಲಾಂ ಒಬ್ಬನೇ ಹೋಗಬಾರದೆಂದು ಜೊತೆಗೆ ಠಾಣೆಗೆ ಹೋದವನು ಅಲ್ಲಿಯೇ ಉಳಿದುಬಿಟ್ಟನು.

ತಾಸುಗಟ್ಟಲೆ ವಿಚಾರಣೆ ನಡೆಯಿತು. ನಿದ್ದೆಯಿಲ್ಲ, ಸರಿಯಾದ ಊಟವಿಲ್ಲ. "ನಿನ್ನ ಗೆಳೆಯರು ನಿನ್ನ ಹೆಸರು ಹೇಳಿದ್ದಾರೆ, ನೀನು ಅವರ ಹೆಸರು ಹೇಳಿದರೆ ಮನೆಗೆ ಹೋಗಬಹುದು" ಎಂಬ ಭರವಸೆಯಿಂದ ತಾವು ಮೋಸಹೋದೆವೆಂದು ಅವರು ಮುಂದೆ ಹೇಳಿದರು. ಮನೆಗೆ ಹೋಗುವ ಆಸೆಯಿಂದ ನಾಲ್ವರು ಕ್ಯಾಮರಾದ ಮುಂದೆ ತಪ್ಪೊಪ್ಪಿಕೊಂಡರು. ಒಬ್ಬನ ಮಾತಿಗೂ ಇನ್ನೊಬ್ಬನ ಮಾತಿಗೂ ಹೊಂದಿಕೆಯಿರಲಿಲ್ಲ. ಘಟನೆ ನಡೆದ ಜಾಗ, ಬಗೆ ಯಾವುದೂ ತಾಳೆಯಾಗಲಿಲ್ಲ. ಸ್ಥಳದಲ್ಲಿ ದೊರೆತ ಡಿ.ಎನ್.ಎ. ಐವರಲ್ಲಿ ಯಾರಿಗೂ ಹೊಂದಲಿಲ್ಲ. ಆದರೂ ನಗರವೆಲ್ಲ ಕೋಪದಿಂದ ಕುದಿಯುತ್ತಿತ್ತು. ಪತ್ರಿಕೆಗಳು ಆ ಹುಡುಗರನ್ನು ಮೃಗಗಳೆಂದು ಬಣ್ಣಿಸುತ್ತಿದ್ದವು. ಮುಂದೆ ಅಮೆರಿಕದ ಅಧ್ಯಕ್ಷರಾದ ಡೊನಾಲ್ಡ್ ಟ್ರಂಪ್ ಅವರು ಮರಣದಂಡನೆಯನ್ನು ಮರಳಿ ಜಾರಿಗೆ ತರಬೇಕೆಂದು ಪುಟ ತುಂಬ ಜಾಹೀರಾತು ಹಾಕಿಸಿದರು. 1990ರಲ್ಲಿ ಐವರಿಗೂ ಶಿಕ್ಷೆಯಾಯಿತು.

2002ರಲ್ಲಿ, ಬೇರೆ ಘೋರ ಅಪರಾಧಗಳಿಗಾಗಿ ಸೆರೆಯಲ್ಲಿದ್ದ ಮಟಿಯಾಸ್ ರೇಯೆಸ್ ಎಂಬಾತನು, ಅದನ್ನು ಮಾಡಿದವನು ತಾನೊಬ್ಬನೇ ಎಂದು ಒಪ್ಪಿಕೊಂಡನು. ಡಿ.ಎನ್.ಎ. ಅವನದೇ ಆಗಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಐವರ ಮೇಲಿನ ತೀರ್ಪುಗಳೂ ರದ್ದಾದವು. ನಾಲ್ವರು ಆ ಹೊತ್ತಿಗೆ ಆರೇಳು ವರ್ಷಗಳ ಸೆರೆವಾಸವನ್ನು ಮುಗಿಸಿದ್ದರು. ಗೆಳೆಯನ ಜೊತೆಗಾಗಿ ಹೋದ ವೈಸ್ ಹದಿಮೂರು ವರ್ಷಗಳಷ್ಟು ಕಾಲವನ್ನು, ಅದೂ ವಯಸ್ಕರ ಸೆರೆಮನೆಗಳಲ್ಲಿ, ಕಳೆದಿದ್ದನು. 2014ರಲ್ಲಿ ನ್ಯೂಯಾರ್ಕ್ ನಗರ ಅವರಿಗೆ 4 ಕೋಟಿ 10 ಲಕ್ಷ ಡಾಲರ್ ಕೊಡಲು ಒಪ್ಪಿತು. ಯೂಸೆಫ್ ಸಲಾಂ 2023ರಲ್ಲಿ ಅದೇ ನಗರದ ಸಭೆಗೆ ಜನರಿಂದ ಚುನಾಯಿತರಾದರು.

"ಇಂಥ ದಯೆ ತೋರಿಸುತ್ತ ಹೋದರೆ ದುಷ್ಟರೆಲ್ಲ ತಪ್ಪಿಸಿಕೊಳ್ಳುವುದಿಲ್ಲವೆ? ನೊಂದ ಹೆಣ್ಣುಮಕ್ಕಳ ಗತಿಯೇನು?" ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪ ಯೋಗ್ಯವಾದದ್ದೇ. ಆದರೆ ಮೇಲಿನ ವೃತ್ತಾಂತದ ಇನ್ನೊಂದು ಮಗ್ಗುಲನ್ನು ನೋಡಿರಿ. ಐವರು ಹುಡುಗರನ್ನು ಹಿಡಿದು ಪ್ರಕರಣ ಬಗೆಹರಿಯಿತೆಂದು ನಗರ ನಿಟ್ಟುಸಿರು ಬಿಟ್ಟಿದ್ದ ಆ ತಿಂಗಳುಗಳಲ್ಲಿಯೇ ನಿಜವಾದ ಅಪರಾಧಿ ಹೊರಗಿದ್ದನು. ಬೇರೆ ಹೆಣ್ಣುಮಕ್ಕಳ ಮೇಲೆ ಎರಗಿದನು, ಒಬ್ಬಾಕೆಯನ್ನು ಕೊಂದನು. ತಪ್ಪು ಮನುಷ್ಯನನ್ನು ಶಿಕ್ಷಿಸಿದಾಗ ಸರಿಯಾದ ಮನುಷ್ಯನು ಬಿಡುಗಡೆ ಪಡೆಯುತ್ತಾನೆ. ಆದುದರಿಂದ ನಿರಪರಾಧಿಯ ರಕ್ಷಣೆಯೂ ನೊಂದವರ ರಕ್ಷಣೆಯೂ ಒಂದಕ್ಕೊಂದು ಎದುರಾದವುಗಳಲ್ಲ. ಮಕ್ಕಳಿಗೆ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ಇದನ್ನು ಸ್ಪಷ್ಟವಾಗಿ ತಿಳಿಸಬೇಕು. ದೂರು ಕೊಡುವುದಕ್ಕೆ ಎಂದೂ ಹಿಂಜರಿಯಬಾರದೆಂದೂ ಅದರ ಜೊತೆಗೇ ಹೇಳಬೇಕು.

ಈಗ ನಮ್ಮ ನಾಡಿಗೇ ಬರೋಣ. ಕೊಡಗು ಜಿಲ್ಲೆಯ ಕುಶಾಲನಗರದ ಸಮೀಪದ ಒಬ್ಬ ಬಡ ಗಿರಿಜನ ಕೂಲಿಕಾರನ ಹೆಂಡತಿ 2020ರಲ್ಲಿ ಕಾಣೆಯಾದಳು. ಪೊಲೀಸರಿಗೆ ದೂರು ಕೊಟ್ಟವನು ಗಂಡನೇ. ಮೈಸೂರು ಜಿಲ್ಲೆಯ ಬೆಟ್ಟದಪುರದ ಬಳಿ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಅವಳದೇ ಎಂದು ತೀರ್ಮಾನಿಸಿ, ಕೊಂದವನು ಗಂಡನೇ ಎಂದು ಬಂಧಿಸಿದರು. ಸುಮಾರು ಒಂದೂವರೆ ವರ್ಷ ಅವನು ಸೆರೆಯಲ್ಲಿದ್ದನು. ಎಲುಬುಗಳ ಡಿ.ಎನ್.ಎ. ಹೊಂದಲಿಲ್ಲ, ಆದರೂ ವಿಚಾರಣೆ ಸಾಗಿಯೇ ಇತ್ತು. 2025ರ ಏಪ್ರಿಲ್‌ನಲ್ಲಿ, ಸತ್ತಳೆನ್ನಲಾದ ಆಕೆ ಮಡಿಕೇರಿಯ ಹೋಟೆಲೊಂದರಲ್ಲಿ ಅವನ ಗೆಳೆಯರ ಕಣ್ಣಿಗೆ ಬಿದ್ದಳು. ಅದೇ ತಿಂಗಳು ಮೈಸೂರಿನ ಸತ್ರ ನ್ಯಾಯಾಲಯ ಅವನನ್ನು ಗೌರವಪೂರ್ವಕವಾಗಿ ಬಿಡುಗಡೆ ಮಾಡಿ, ಒಂದು ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತು. ಇಲ್ಲಿ ಶಿಕ್ಷೆಯ ತೀರ್ಪು ಬಂದಿರಲಿಲ್ಲವೆಂಬುದು ನಿಜ. ಆದರೆ ಆಕೆ ಹೋಟೆಲಿನಲ್ಲಿ ಕಣ್ಣಿಗೆ ಬೀಳದೆ ಹೋಗಿದ್ದರೆ? ಈ ಪ್ರಶ್ನೆಯನ್ನು ಮಕ್ಕಳ ಮುಂದಿಟ್ಟು ಸ್ವಲ್ಪ ಹೊತ್ತು ಸುಮ್ಮನಿರಿ. ಉತ್ತರವನ್ನು ಅವರೇ ಹುಡುಕಲಿ.

ಇಂಥ ಸಂಗತಿಗಳನ್ನು ಕೇಳಿದ ಮಗು ಅಂಜಬಾರದು. ಅಂಜಿಕೆಗೆ ಮದ್ದು ತಿಳಿವಳಿಕೆ. ನಮ್ಮ ಸಂವಿಧಾನ, ಕಾಯಿದೆಗಳು ಕೊಟ್ಟಿರುವ ಆಸರೆಗಳನ್ನು ಹೈಸ್ಕೂಲು ಮುಗಿಸುವುದರೊಳಗೆ ಪ್ರತಿಯೊಂದು ಮಗುವೂ ಬಲ್ಲದ್ದಾಗಿರಬೇಕು. ಸಂವಿಧಾನದ 20ನೆಯ ಅನುಚ್ಛೇದದ ಪ್ರಕಾರ, ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಬಲವಂತಪಡಿಸುವಂತಿಲ್ಲ. 22ನೆಯ ಅನುಚ್ಛೇದದ ಪ್ರಕಾರ, ಬಂಧಿತನಿಗೆ ಬಂಧನದ ಕಾರಣವನ್ನು ತಿಳಿಸಬೇಕು. ವಕೀಲರನ್ನು ಕಾಣಲು ಅವಕಾಶ ಕೊಡಬೇಕು. ಪ್ರಯಾಣದ ಕಾಲವನ್ನು ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು, ಅದರಿಂದ ಪತ್ತೆಯಾದ ಸಂಗತಿಗೆ ಸಂಬಂಧಿಸಿದ ಭಾಗವೊಂದನ್ನು ಬಿಟ್ಟರೆ, ಆರೋಪಿಯ ವಿರುದ್ಧ ನ್ಯಾಯಾಲಯದಲ್ಲಿ ರುಜುವಾತಾಗಿ ಬಳಸುವಂತಿಲ್ಲ. 1872ರ ಸಾಕ್ಷ್ಯ ಅಧಿನಿಯಮದಲ್ಲಿದ್ದ ಈ ನಿಯಮ, 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಉಳಿದಿದೆ. ನ್ಯೂಯಾರ್ಕಿನ ಹುಡುಗರ ವೃತ್ತಾಂತವನ್ನು ಕೇಳಿದ ಮಗುವಿಗೆ ಈ ನಿಯಮದ ಬೆಲೆ ತಾನಾಗಿ ತಿಳಿಯುತ್ತದೆ.

ಹದಿನೆಂಟು ತುಂಬದವರಿಗೆ 2015ರ ಬಾಲನ್ಯಾಯ ಕಾಯಿದೆಯ ವಿಶೇಷ ರಕ್ಷಣೆಯಿದೆ. ಅವರನ್ನು ಪೊಲೀಸ್ ಲಾಕಪ್ಪಿನಲ್ಲಾಗಲಿ ಸೆರೆಮನೆಯಲ್ಲಾಗಲಿ ಇಡುವಂತಿಲ್ಲ; ತಾಯಿತಂದೆಗಳಿಗೆ ತಿಳಿಸಬೇಕು; 24 ಗಂಟೆಗಳೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಇನ್ನು, ಬಡತನದಿಂದಾಗಿ ವಕೀಲರಿಲ್ಲದೆ ಯಾರೂ ಸೋಲಬಾರದೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಬಂಧನದಲ್ಲಿರುವವರು ಇವರೆಲ್ಲರಿಗೂ, ಆದಾಯವನ್ನು ಲೆಕ್ಕಿಸದೆ, ಉಚಿತ ಕಾನೂನು ನೆರವಿನ ಹಕ್ಕಿದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿಯೇ ಕಾನೂನು ಸೇವಾ ಸಮಿತಿ ಇರುತ್ತದೆ. 15100 ಎಂಬ ದೂರವಾಣಿ ಸಂಖ್ಯೆಯೂ ಉಂಟು. ಈ ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನ ಬದಿಯಲ್ಲಿ ಬರೆದಿಡುವುದು ಒಳ್ಳೆಯದು. ನಮಗೆ ಬೇಕಾಗದಿದ್ದರೂ ನೆರೆಯವರಿಗೆ ಬೇಕಾದೀತು.

ಕಳೆದುಹೋದ ವರ್ಷಗಳಿಗೆ ಬೆಲೆ ಕಟ್ಟುವವರಾರು ಎಂಬ ಪ್ರಶ್ನೆಯನ್ನೂ ಮಕ್ಕಳು ಕೇಳುತ್ತಾರೆ. ಬಿಹಾರದ ರುದುಲ್ ಸಾಹ ಎಂಬಾತನು 1968ರಲ್ಲಿಯೇ ಖುಲಾಸೆಯಾಗಿದ್ದರೂ 1982ರವರೆಗೆ, ಹದಿನಾಲ್ಕು ವರ್ಷ, ಸೆರೆಮನೆಯಲ್ಲಿಯೇ ಕೊಳೆತನು. ಸರ್ವೋಚ್ಚ ನ್ಯಾಯಾಲಯ 1983ರಲ್ಲಿ ಅವನಿಗೆ ಪರಿಹಾರ ಕೊಡಿಸಿ, ಪ್ರಜೆಯ ಸ್ವಾತಂತ್ರ್ಯ ಹರಣವಾದಾಗ ಸರ್ಕಾರ ಹೊಣೆ ಹೊರಬೇಕೆಂಬ ದಾರಿಯನ್ನು ತೋರಿತು. 2018ರಲ್ಲಿ ಭಾರತದ ಕಾನೂನು ಆಯೋಗ ತನ್ನ 277ನೆಯ ವರದಿಯಲ್ಲಿ, ತಪ್ಪು ಮೊಕದ್ದಮೆಗೆ ಸಿಲುಕಿದವರಿಗೆ ಹಣದ ಪರಿಹಾರವಷ್ಟೇ ಅಲ್ಲದೆ ಉದ್ಯೋಗ ತರಬೇತಿ, ಮನೋವೈದ್ಯರ ನೆರವು ಮೊದಲಾದವುಗಳೂ ಸಲ್ಲಬೇಕು, ಅದಕ್ಕಾಗಿ ಕಾನೂನಿನ ಸ್ಪಷ್ಟ ಏರ್ಪಾಡು ಬೇಕು ಎಂದು ಶಿಫಾರಸು ಮಾಡಿತು.

ಇವೆಲ್ಲ ನ್ಯಾಯಾಲಯದ ಮಾತಾಯಿತು. ಆದರೆ ನ್ಯಾಯಾಲಯಗಳಿಗಿಂತ ಬೇಗ ತೀರ್ಪು ಕೊಡುವ ಒಂದು ಪೀಠವಿದೆ. ಅದು ಬೀದಿಯ ಪೀಠ. 2018ರ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯಲ್ಲಿ, ಶರಣರು ನಡೆದಾಡಿದ ಅದೇ ನೆಲದಲ್ಲಿ, ಹೈದರಾಬಾದಿನಿಂದ ಬಂದ ಕೆಲವು ಯುವಕರು ದಾರಿಯಲ್ಲಿ ಶಾಲಾಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರೆಂಬ ಸುದ್ದಿ ಮೊಬೈಲುಗಳಲ್ಲಿ ಹರಿಯಿತು. ಮುರ್ಕಿ ಎಂಬ ಗ್ರಾಮದಲ್ಲಿ ಅವರ ವಾಹನವನ್ನು ಅಡ್ಡಗಟ್ಟಿ ಗುಂಪು ಬಡಿಯಿತು. ಒಬ್ಬ ಯುವಕ ಪ್ರಾಣ ಬಿಟ್ಟನು. ಅಲ್ಲಿ ಸಾಕ್ಷಿಯಿಲ್ಲ, ವಕೀಲನಿಲ್ಲ, ಮೇಲ್ಮನವಿಯಂತೂ ಇಲ್ಲವೇ ಇಲ್ಲ. ಸುದ್ದಿ ಕಳುಹಿಸಿದ ಬೆರಳುಗಳಲ್ಲಿ ನಮ್ಮ ನಿಮ್ಮ ಮನೆಯ ಹುಡುಗರ ಬೆರಳುಗಳಂಥವೇ ಇದ್ದಿರಬಹುದಲ್ಲವೆ? ಮೊಬೈಲು ಹಿಡಿದ ಪ್ರತಿಯೊಂದು ಮಗುವೂ ಇಂದು ಒಂದು ಬಗೆಯ ನ್ಯಾಯಾಧೀಶನೇ. ಅವನಿಗೆ ಆ ಅಧಿಕಾರವನ್ನು ಕೊಟ್ಟು ವಿವೇಕವನ್ನು ಕೊಡದಿದ್ದರೆ ದೋಷ ಹಿರಿಯರದು.

ಹಾಗಾದರೆ ಮನೆಯಲ್ಲಿ ಕಲಿಸುವ ಬಗೆ ಹೇಗೆ? ದೊಡ್ಡ ಉಪನ್ಯಾಸ ಬೇಡ. ಪತ್ರಿಕೆಯಲ್ಲಿ ಅಪರಾಧದ ಸುದ್ದಿ ಬಂದಾಗ ಮಕ್ಕಳನ್ನು ಕೂರಿಸಿಕೊಂಡು ಮೂರು ಪ್ರಶ್ನೆಗಳನ್ನು ಕೇಳಿರಿ. ಈ ಸುದ್ದಿಯಲ್ಲಿ ನಮಗೆ ಖಚಿತವಾಗಿ ಗೊತ್ತಾದದ್ದೇನು, ಊಹೆ ಎಷ್ಟು? ಗೊತ್ತಾದದ್ದು ಯಾರಿಂದ ಗೊತ್ತಾಯಿತು? ಇದರಲ್ಲಿ ಯಾರ ಮಾತನ್ನು ಇನ್ನೂ ಯಾರೂ ಕೇಳಿಲ್ಲ? "ಬಂಧಿತ", "ಆರೋಪಿ", "ಅಪರಾಧಿ" ಎಂಬ ಮೂರು ಪದಗಳಿಗಿರುವ ಅಂತರವನ್ನು ಬಿಡಿಸಿ ಹೇಳಿರಿ. ನೆನಪು ಎಷ್ಟು ದುರ್ಬಲವೆಂಬುದನ್ನು ತೋರಿಸಲು ಒಂದು ಆಟವನ್ನೂ ಆಡಬಹುದು: ಮನೆಗೆ ಬಂದು ಹೋದ ಅತಿಥಿಯ ಅಂಗಿಯ ಬಣ್ಣ ಯಾವುದು, ಕನ್ನಡಕವಿತ್ತೋ ಇಲ್ಲವೋ ಎಂದು ಮರುದಿನ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ, ಚೀಟಿಯಲ್ಲಿ ಬರೆಯಿಸಿರಿ. ಒಂದೇ ಮನೆಯ ನಾಲ್ವರ ಕಣ್ಣು ನಾಲ್ಕು ಬಗೆಯಾಗಿ ನುಡಿಯುವುದನ್ನು ಕಂಡು ಮಕ್ಕಳು ನಗುತ್ತಾರೆ, ನಗುತ್ತಲೇ ಕಲಿಯುತ್ತಾರೆ.

ಆದರೆ ಆಟ, ಪ್ರಶ್ನೆಗಳಿಗಿಂತ ಮಿಗಿಲಾದದ್ದು ಹಿರಿಯರ ನಡೆ. ಮನೆಯಲ್ಲಿ ಉಂಗುರ ಕಾಣದಾದಾಗ ಮೊದಲು ಯಾರ ಹೆಸರು ನಮ್ಮ ನಾಲಗೆಗೆ ಬರುತ್ತದೆ? ಪಾತ್ರೆ ತೊಳೆಯಲು ಬರುವ ಬಡ ಹೆಂಗಸಿನದಲ್ಲವೆ? ಉಂಗುರ ಮರುದಿನ ಹಾಸಿಗೆಯ ಮಡಿಕೆಯಲ್ಲಿ ಸಿಕ್ಕರೆ, ಅನುಮಾನಿಸಿದ್ದಕ್ಕಾಗಿ ಅವಳ ಮುಂದೆ ಕೈಜೋಡಿಸುವವರು ಎಷ್ಟು ಮಂದಿ? ಪ್ರಸಾದನಿಲಯದಲ್ಲಿ ಹುಡುಗನೊಬ್ಬನ ಹಣ ಕಳೆದರೆ, ಹರಕು ಅಂಗಿಯ ಹುಡುಗನ ಪೆಟ್ಟಿಗೆಯನ್ನೇ ಮೊದಲು ತೆರೆಯುವುದೇಕೆ? ಮಹಾರಾಷ್ಟ್ರದಲ್ಲಿ ಆರು ಮಂದಿ ಅಲೆಮಾರಿಗಳಿಗೆ, ಕೊಡಗಿನಲ್ಲಿ ಒಬ್ಬ ಗಿರಿಜನನಿಗೆ ಒದಗಿದ ಗತಿಯನ್ನು ಇಲ್ಲಿ ನೆನೆಯಬೇಕು. ಸಂಶಯವೆಂಬುದು ನೀರಿನಂತೆ ತಗ್ಗಿನ ಕಡೆಗೇ ಹರಿಯುತ್ತದೆ. ಕಾಯಕದಿಂದ ಮನುಷ್ಯನನ್ನು ಅಳೆಯಬೇಕೆಂದು ಬೋಧಿಸಿದ ಪರಂಪರೆಯವರಾದ ನಾವು, ಬಡತನವನ್ನೇ ಸಾಕ್ಷಿಯೆಂದು ಎಣಿಸಿದರೆ, ಮಕ್ಕಳ ಮುಂದೆ ಯಾವ ಮುಖದಿಂದ ಶರಣರ ಹೆಸರನ್ನು ಹೇಳುವುದು?

ಕೊನೆಯದಾಗಿ, ಖುಲಾಸೆಯಾಗಿ ಊರಿಗೆ ಮರಳಿದವರ ವಿಷಯ. ನ್ಯಾಯಾಲಯ ಬಿಡುಗಡೆ ಮಾಡಿದ ಮೇಲೂ, "ಬೆಂಕಿಯಿಲ್ಲದೆ ಹೊಗೆಯಾಡೀತೆ?" ಎಂಬ ಗಾದೆಯನ್ನು ಹಿಡಿದು ಊರು ಅವರನ್ನು ಮತ್ತೊಮ್ಮೆ ಬಂಧಿಸುತ್ತದೆ. ಬಾಡಿಗೆಗೆ ಮನೆಯಿಲ್ಲ, ಅಂಗಡಿಯಲ್ಲಿ ಕೆಲಸವಿಲ್ಲ, ಮಗಳಿಗೆ ಸಂಬಂಧ ಬಾರದು, ಮದುವೆಯ ಮನೆಯಲ್ಲಿ ಪಕ್ಕದ ಎಲೆಗೆ ಯಾರೂ ಕೂರರು. ಸರ್ಕಾರ ಕೊಡುವ ಲಕ್ಷ ರೂಪಾಯಿ ಇದನ್ನು ತುಂಬಿಕೊಡಲಾರದು. ಇದನ್ನು ತುಂಬಿಕೊಡಬಲ್ಲವರು ನೆರೆಹೊರೆಯವರು ಮಾತ್ರ. ಅಂಥವರೊಬ್ಬರು ನಿಮ್ಮ ಊರಿನಲ್ಲಿದ್ದರೆ, ಮುಂದಿನ ಹಬ್ಬಕ್ಕೆ ಅವರನ್ನು ಮನೆಗೆ ಕರೆಯಿರಿ. ಮಕ್ಕಳ ಕೈಯಿಂದಲೇ ನೀರು ಕೊಡಿಸಿ, ಮಕ್ಕಳನ್ನು ಅವರ ಪಂಕ್ತಿಯಲ್ಲಿಯೇ ಊಟಕ್ಕೆ ಕೂರಿಸಿರಿ. ಆ ಒಂದು ಊಟದಲ್ಲಿ ಮಕ್ಕಳು ಕಲಿಯುವುದನ್ನು ಈ ಲೇಖನದಿಂದ ಕಲಿಸುವುದು ನಮ್ಮಿಂದ ಸಾಧ್ಯವಿಲ್ಲ.

ಎಲ್ಲರ ಮನೆಗಳಲ್ಲಿಯೂ ಅಂಥ ವಿವೇಕ ಬೆಳಗಲಿ.